ಒಂದು ತಾರಿಯ ದೂರ

ಹೋದ ಜನವರಿಯಲ್ಲಿ ಬೆಂಗಳೂರಿನಿಂದ ಹಳೆಯ ಸಹೋದ್ಯೋಗಿಯೊಬ್ಬರ ಮಗ ಫೋನು ಮಾಡಿದ. "ಅಂಕಲ್, ಗೋಕರ್ಣದ ಕಡೆ ಬರ್ತಿದೀನಿ. ಕುಡ್ಲೆ, ಓಂ ಬೀಚ್ ಎಲ್ಲ ಬೇಡ, ಅಲ್ಲಿ ಬರೀ ಜನ. ಕರೆಂಟಿಲ್ಲದ, ರಸ್ತೆಯಿಲ್ಲದ, ಮೊಬೈಲ್ ಸಿಗ್ನಲ್ಲೂ ಇಲ್ಲದ ಒಂದು ಜಾಗ ತೋರಿಸಿ" ಎಂದ. ನಗು ಬಂತು. ಅಂಥ ಊರುಗಳಿಗೆ ಹೋಗಿ ಬರುವುದೇ ಮೂವತ್ತು ವರ್ಷ ನನ್ನ ಹೊಟ್ಟೆಪಾಡಾಗಿತ್ತು. ನನ್ನ ಪುಣ್ಯ ಕಂಡು ಕರುಬಿದವರು ಆಗ ಒಬ್ಬರೂ ಇರಲಿಲ್ಲ.

ನಾನು ಟಪಾಲಿನವ. ನಿವೃತ್ತಿಯ ಹೊತ್ತಿಗೆ ಮೇಲ್ ಓವರ್‌ಸಿಯರ್ ಆಗಿದ್ದೆ. ಹೆಸರು ಕೇಳಿ ದೊಡ್ಡ ಸಾಹೇಬ ಎಂದುಕೊಳ್ಳಬೇಡಿ. ಒಂದು ಸೈಕಲ್ಲು, ಒಂದು ಕೊಡೆ, ಹೆಗಲಿಗೊಂದು ಚೀಲ, ಇಷ್ಟೇ ನನ್ನ ಕಚೇರಿ. ಕುಮಟಾ ತಾಲೂಕಿನ ಹಳ್ಳಿಗಳ ಸಣ್ಣ ಟಪಾಲು ಕಚೇರಿಗಳಿಗೆ ಸರದಿಯಂತೆ ಹೋಗಬೇಕು, ಸ್ಟಾಂಪು, ರೊಕ್ಕ ಲೆಕ್ಕಕ್ಕೆ ಸರಿ ಇದೆಯೋ ನೋಡಬೇಕು, ಆಮೇಲೆ ಮನಿಯಾರ್ಡರು ಬಂದವರ ಮನೆಗೇ ನಡೆದು "ಆಯಿ, ಮಗ ಕಳಿಸಿದ ದುಡ್ಡು ಕೈಗೆ ಬಂತಾ? ಪೂರ್ತಿ ಬಂತಾ?" ಎಂದು ಕೇಳಿ ಸಹಿಯನ್ನೋ ಹೆಬ್ಬೆಟ್ಟನ್ನೋ ತಾಳೆ ನೋಡಬೇಕು. ಹೀಗಾಗಿ ಈ ಕರಾವಳಿಯ ಊರುಗಳನ್ನು ನಾನು ನೋಡಲು ಹೋದವನಲ್ಲ, ಲೆಕ್ಕ ಕೇಳಲು ಹೋದವನು.

ಹುಡುಗ ಬಂದ, ಜೊತೆಗೆ ಅವನ ಇಬ್ಬರು ಗೆಳೆಯರು. ತದಡಿ ದಿಕ್ಕಿನ ಬೇಲೆಕಾನಕ್ಕೆ ಕರೆದುಕೊಂಡು ಹೋದೆ. ಬೇಲೆ ಎಂದರೆ ನಮ್ಮ ಕಡೆ ಸಮುದ್ರದ ದಂಡೆ, ಕಾನ ಎಂದರೆ ಕಾಡು. ಅಳಿವೆಯ ಆಚೆ ದಡದಲ್ಲಿ ಕಿರುಬೇಲೆ ಎಂಬ ಊರೂ ಇದೆ. ಇಂಥ ಹೆಸರುಗಳನ್ನು ಇಟ್ಟವರಿಗೆ ದಂಡೆ ಎಂದರೆ ದೋಣಿ ಎಳೆದಿಡುವ, ಬಲೆ ಒಣಗಿಸುವ ಜಾಗ, ಮನೆಯ ಅಂಗಳದ ಮುಂದುವರಿಕೆ. ಗುಡ್ಡ ದಾಟಿದರೆ ಸಿಗುವ ಮುಂದಿನ ಎರಡು ದಂಡೆಗಳ ಹೆಸರು ಈಗ ಪ್ಯಾರಡೈಸ್ ಮತ್ತು ಹಾಫ್ ಮೂನ್. ಹೊರಗಿನಿಂದ ಬಂದು ಜೋಪಡಿ ಹಾಕಿಕೊಂಡವರು ಬಳಕೆಗೆ ತಂದ ಹೆಸರುಗಳು. ಅಲ್ಲಿಗೆ ಈಗಲೂ ವಾಹನ ಹೋಗುವುದಿಲ್ಲ. ಕಾಲ್ದಾರಿ, ಇಲ್ಲವೇ ದೋಣಿ.

ಬೇಲೆಕಾನದಲ್ಲಿ ಕಾರು ನಿಲ್ಲಿಸಿ ಗುಡ್ಡ ಹತ್ತಿದೆವು. ಚೀರೆಕಲ್ಲಿನ ಗುಡ್ಡ, ಹುಲ್ಲು ಆಗಲೇ ಹಳದಿಯಾಗಿತ್ತು, ಗೇರು ಹೂಬಿಟ್ಟಿತ್ತು. ಕಲ್ಲಿನ ಸಂದಿಯೊಂದರಲ್ಲಿ ನೀರು ಜಿನುಗಿ ಪಾಚಿಯ ಮೇಲೆ ಹನಿಯುತ್ತಿತ್ತು. ಬೊಗಸೆಯಲ್ಲಿ ಹಿಡಿದು ಕುಡಿದೆ. ಕೆಳಗೆ ಕೂಗಳತೆಯಲ್ಲಿ ಉಪ್ಪುನೀರು, ಬಾಯಲ್ಲಿ ಸಿಹಿನೀರು. ಹುಡುಗನಿಗೆ ಆಶ್ಚರ್ಯ. ಇದರಲ್ಲಿ ಪವಾಡವೇನಿಲ್ಲ. ಚೀರೆಕಲ್ಲು ಮೈತುಂಬ ತೂತು. ನಾಲ್ಕು ತಿಂಗಳ ಮಳೆಯನ್ನು ಹೀರಿ ಇಟ್ಟುಕೊಂಡು ಬೇಸಗೆಯವರೆಗೂ ಬುಡದಲ್ಲಿ ಬಸಿಯುತ್ತಿರುತ್ತದೆ. ಗೋಕರ್ಣದ ರಾಮತೀರ್ಥವೂ ಇಂಥದೇ ಒಂದು ಒರತೆ, ಸಮುದ್ರದ ಪಕ್ಕದಲ್ಲೇ ಸಿಹಿ.

ನೆತ್ತಿಗೆ ಬಂದಾಗ ಅವನು ಫೋನು ನೋಡಿ "ಸಿಗ್ನಲ್ ಹೋಯ್ತು!" ಎಂದು ಹಿಗ್ಗಿದ. ಸುತ್ತ ಒಮ್ಮೆ ಕಣ್ಣು ಹಾಯಿಸಿ ಕೇಳಿದ: "ಮೊದಲಿಂದಲೂ ಹೀಗೇ ಅಲ್ವಾ ಅಂಕಲ್? ಇಲ್ಲಿ ಏನೂ ಇರಲಿಲ್ಲ ಅಲ್ವಾ?"

ದಕ್ಷಿಣಕ್ಕೆ ಅಘನಾಶಿನಿಯ ಅಳಿವೆ ಹೊಳೆಯುತ್ತಿತ್ತು. ಅವನನ್ನು ಅಲ್ಲೇ ಬಂಡೆಯ ಮೇಲೆ ಕೂರಿಸಿ, ಲೆಕ್ಕ ಕೇಳುವ ಹಳೆಯ ಚಾಳಿಯಲ್ಲಿ ಲೆಕ್ಕ ಒಪ್ಪಿಸತೊಡಗಿದೆ.

ಆ ಅಳಿವೆಯ ಒಳಗೆ ಭರತದ ಜೊತೆ ಮೇಲಕ್ಕೆ ಹೋದರೆ ಮಿರ್ಜಾನ ಸಿಗುತ್ತದೆ. ಹೆದ್ದಾರಿಯಿಂದ ಕೋಟೆ ನೋಡಿದವರಿಗೆ ಅದು ರಸ್ತೆ ಪಕ್ಕದ ಕೋಟೆ. ಕಟ್ಟಿದವರಿಗೆ ಅದು ಹೊಳೆ ಪಕ್ಕದ ಕೋಟೆ. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕೈಯಲ್ಲಿತ್ತು. ಪೋರ್ಚುಗೀಸರು ಆಕೆಯನ್ನು ಕಾಳುಮೆಣಸಿನ ರಾಣಿ ಎಂದು ಕರೆದರು. ಹೊಗಳುವ ಬಿರುದು ನಿಜ, ಆದರೆ ವ್ಯಾಪಾರದಲ್ಲಿ ಚೌಕಾಶಿ ಮಾಡಿ ಸೋತವರ ಬಾಯಿಂದ ಬಂದದ್ದು ಎಂದು ನನ್ನ ಗುಮಾನಿ. ಘಟ್ಟದ ಮೇಲಿನ ಮೆಣಸು ಎತ್ತಿನ ಬೆನ್ನಿನ ಮೇಲೆ ಇಳಿದು ಇಂಥ ಹೊಳೆಗಳ ದಡಕ್ಕೆ ಬರುತ್ತಿತ್ತು. ಪುರಾತತ್ವ ಇಲಾಖೆ 2000-01ರಲ್ಲಿ ಮಿರ್ಜಾನದಲ್ಲಿ ಅಗೆದಾಗ ಪೋರ್ಚುಗೀಸರ ಚಿನ್ನದ ನಾಣ್ಯ ಸಿಕ್ಕಿತು, ಚೀನಾದ ಪಿಂಗಾಣಿಯ ಚೂರುಗಳು ಸಿಕ್ಕವು. ಚೀನಾದ ಬಟ್ಟಲು ಒಡೆದು ಬಿದ್ದಿದ್ದ ಹೊಳೆಯ ಬಾಯಲ್ಲಿ ಕೂತು ಹುಡುಗ "ಏನೂ ಇರಲಿಲ್ಲ ಅಲ್ವಾ" ಎಂದಿದ್ದ.

1676ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಜಾನ್ ಫ್ರಯರ್ ಕಾರವಾರದ ಕಡೆಯಿಂದ ಗೋಕರ್ಣಕ್ಕೆ ಬಂದ. ಅದಕ್ಕೂ ಎಷ್ಟೋ ಮೊದಲು ಕಾಳಿದಾಸನ ರಘುವಂಶದಲ್ಲಿ ನಾರದರು ಗೋಕರ್ಣದ ಈಶ್ವರನಿಗೆ ವೀಣೆ ನುಡಿಸಲು ಆಕಾಶಮಾರ್ಗದಲ್ಲಿ ಬರುತ್ತಾರೆ. ಉಳಿದ ಯಾತ್ರಿಕರಿಗೆ ಆ ಸೌಕರ್ಯವಿರಲಿಲ್ಲ. ನಡೆಯಬೇಕು, ಹೊಳೆ ಬಂದಲ್ಲಿ ದೋಣಿ ಹತ್ತಬೇಕು. ಉತ್ತರಕ್ಕೆ ಗಂಗಾವಳಿ, ದಕ್ಷಿಣಕ್ಕೆ ಅಘನಾಶಿನಿ, ಎರಡು ಹೊಳೆಗಳ ನಡುವೆ ಕೂತ ಊರು ಅದು.

ಇನ್ನೊಂದು ಶತಮಾನಕ್ಕೆ ಫಿರಂಗಿಗಳೂ ಬಂದವು. ಹೈದರಾಲಿ 1782ರ ಡಿಸೆಂಬರಿನಲ್ಲಿ ತೀರಿಕೊಂಡ. ಮರುವರ್ಷದ ಮೊದಲಲ್ಲೇ ಮುಂಬಯಿಯಿಂದ ಹೊರಟ ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ತನ್ನ ಸೈನ್ಯವನ್ನು ಇಳಿಸಿದ್ದು ಇದೇ ಅಳಿವೆಯ ಬಾಯಲ್ಲಿ. ಇಲ್ಲಿದ್ದ ರಾಜಮಂದುರ್ಗವೆಂಬ ಕೋಟೆಯನ್ನು ಹಿಡಿದು, ಹೊನ್ನಾವರಕ್ಕೆ ನುಗ್ಗಿ, ಘಟ್ಟ ಹತ್ತಿ ಬಿದನೂರಿಗೆ ಹೋದ. ಕೆಲವೇ ತಿಂಗಳಲ್ಲಿ ಟಿಪ್ಪುವಿನ ಸೆರೆಯಾದ. ರಾಜ್ಯ ಗೆಲ್ಲಲು ಹೊರಟವನಿಗೆ ಬಾಗಿಲಾಗಿ ಕಂಡ ಜಾಗ ಇದು. ಶ್ರೀರಂಗಪಟ್ಟಣ ಬಿದ್ದ ಮೇಲೆ 1801ರಲ್ಲಿ ಕಂಪನಿ ಕಳಿಸಿದ ಫ್ರಾನ್ಸಿಸ್ ಬುಕಾನನ್ ಇದೇ ಕರಾವಳಿಯಲ್ಲಿ ಹಾದುಹೋದ. ಯಾವ ಊರಿನಲ್ಲಿ ಏನು ಬೆಳೆಯುತ್ತಾರೆ, ಯಾರು ಏನು ಕಸುಬು ಮಾಡುತ್ತಾರೆ ಎಂದು ಕೇಳಿ ಬರೆದುಕೊಂಡ. ಅವನನ್ನು ನೆನೆದಾಗಲೆಲ್ಲ ನನಗೆ ಒಬ್ಬ ಓವರ್‌ಸಿಯರನೇ ಕಾಣುತ್ತಾನೆ.

ಕರಾವಳಿಯ ನಿಜವಾದ ಗದ್ದಲ ಅದರ ಮುಂದಿನದು. ಹುಬ್ಬಳ್ಳಿ, ಧಾರವಾಡ ಸೀಮೆಯ ಹತ್ತಿ ದೇವಿಮನೆ ಘಟ್ಟ ಇಳಿದು ಕುಮಟೆಗೆ ಬರುತ್ತಿತ್ತು, ಅಲ್ಲಿಂದ ಹಡಗು ಹತ್ತಿ ಮುಂಬಯಿಗೆ. ಕುಮಟೆಯಲ್ಲಿ ಹತ್ತಿಯ ಗಿಡವೊಂದೂ ಇಲ್ಲ, ಆದರೂ ದೂರದ ಲಿವರ್‌ಪೂಲಿನ ಪೇಟೆಯಲ್ಲಿ ಆ ಹತ್ತಿಯ ಹೆಸರೇ "ಕುಮಟಾ". ಬೆಳೆದ ಊರಿನ ಹೆಸರು ಬಿದ್ದುಹೋಗಿ ಹಡಗು ಹತ್ತಿಸಿದ ಊರಿನ ಹೆಸರು ನಿಂತಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ಈ ಕಡೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಮರುವರ್ಷವೇ, 1862ರಲ್ಲಿ, ಕೆನರಾ ಜಿಲ್ಲೆ ಎರಡು ಹೋಳಾಯಿತು. ಉತ್ತರದ ಹೋಳು ಮದರಾಸಿನ ಕೈಬಿಟ್ಟು ಮುಂಬಯಿ ಪ್ರಾಂತಕ್ಕೆ ಸೇರಿತು. ಹತ್ತಿಗೆ ಕಾರವಾರದಲ್ಲೊಂದು ಒಳ್ಳೆಯ ಬಂದರು ಬೇಕು ಎಂಬ ಹಟ ಅದರ ಹಿಂದೆ ಇತ್ತು. ನಮ್ಮ ಜಿಲ್ಲೆಯ ಗಡಿ ಎಳೆದದ್ದು ಒಂದು ರೀತಿಯಲ್ಲಿ ಹತ್ತಿಯ ಅಂಡಿಗೆ.

ಹಾಗಿದ್ದ ಊರುಗಳು ದೂರವಾದದ್ದು ಯಾವಾಗ? ನನ್ನನ್ನು ಕೇಳಿದರೆ 1888. ಆ ವರ್ಷ ಗೋವೆಯ ಮುರ್ಮಗೋವಾ ಬಂದರಿನಿಂದ ಕ್ಯಾಸಲ್‌ರಾಕ್ ಮೇಲೆ ಘಟ್ಟ ಹತ್ತುವ ರೈಲು ಪೂರ್ತಿಯಾಯಿತು. ಧಾರವಾಡದ ಹತ್ತಿಗೆ ಎತ್ತಿನಗಾಡಿ, ದೇವಿಮನೆ, ಕುಮಟೆ ಯಾವುದೂ ಬೇಡವಾಯಿತು. ಕಾರವಾರಕ್ಕೆ ರೈಲು ಬರುತ್ತದೆ ಎಂದು ಕಾದವರು ಕಾದೇ ಕಾದರು. ಕೊಂಕಣ ರೈಲು ಪೂರ್ತಿಯಾಗಿ ಓಡಿದ್ದು 1998ರ ಜನವರಿಯಲ್ಲಿ. ನೂರಾಹತ್ತು ವರ್ಷ ತಡ. ಅಷ್ಟರಲ್ಲಿ ಹೋಗುವ ಸರಕು ಹೋಗಿ, ಜನರೂ ಹೋಗಿಯಾಗಿತ್ತು.

ಜನ ಹೋದದ್ದು ಮುಂಬಯಿಗೆ. ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಆಗಬೋಟು ಬರುತ್ತಿತ್ತು. ಅದು ಆಳದ ನೀರಿನಲ್ಲೇ ನಿಲ್ಲುತ್ತಿತ್ತು. ದಂಡೆಯಿಂದ ದೋಣಿಯಲ್ಲಿ ಹೋಗಿ ಹತ್ತಬೇಕು. ನನ್ನ ಅಜ್ಜ ಹಾಗೆ ಹೋದವನು. ಗಿರಗಾಂವಿನ ಒಂದು ಖಾನಾವಳಿಯಲ್ಲಿ ಬಡಿಸುವ ಕೆಲಸ. ಅಜ್ಜಿ ಹೇಳುತ್ತಿದ್ದಳು, ಆಕೆಗೆ ಮುಂಬಯಿ ದೂರ ಅನಿಸಿದ್ದೇ ಇಲ್ಲವಂತೆ. ದಂಡೆಯಲ್ಲಿ ನಿಂತರೆ ಹೊಗೆ ಕಾಣುತ್ತದೆ, ಹೊಗೆ ಕಂಡರೆ ಬೋಟು, ಬೋಟು ಹತ್ತಿದರೆ ಮುಂಬಯಿ. ಧಾರವಾಡ ದೂರ, ಏಕೆಂದರೆ ಅದಕ್ಕೆ ಘಟ್ಟ ಹತ್ತಬೇಕು! 1956ರಲ್ಲಿ ರಾಜ್ಯಗಳನ್ನು ಮರುವಿಂಗಡಿಸಿದಾಗ ನಾವು ಮೈಸೂರು ರಾಜ್ಯಕ್ಕೆ ಬಂದೆವು. ರಾಜಧಾನಿ ನೀರಿನ ದಾರಿಯಿಂದ ನೆಲದ ದಾರಿಗೆ ಸರಿಯಿತು. ಅಜ್ಜಿ ಆಮೇಲೆ ಬೆಂಗಳೂರನ್ನು ಒಮ್ಮೆಯೂ ನೋಡಲಿಲ್ಲ.

ಕರೆಂಟಿನ ಕತೆಯೂ ಇಂಥದೇ. ಅಘನಾಶಿನಿಯಾಚೆ ಶರಾವತಿ. ಜೋಗದಲ್ಲಿ ಆ ನೀರಿನಿಂದ 1948ರಲ್ಲೇ ವಿದ್ಯುತ್ತು ತೆಗೆದರು. ಆಗ ಅದು ಮೈಸೂರಿನ ಕರೆಂಟು, ನಾವು ಮುಂಬಯಿಯವರು. ನಾನು ಕೆಲಸಕ್ಕೆ ಸೇರಿದಾಗಲೂ ಎಷ್ಟೋ ಕಚೇರಿಗಳಲ್ಲಿ ಚಿಮಣಿ ಬುಡ್ಡಿಯ ಬೆಳಕಿನಲ್ಲೇ ಅರಗು ಕರಗಿಸಿ ಟಪಾಲು ಚೀಲಕ್ಕೆ ಮೊಹರು ಒತ್ತುತ್ತಿದ್ದರು. ಹುಡುಗ ಹಣ ಕೊಟ್ಟು ಹುಡುಕಿಕೊಂಡು ಬಂದ ಕತ್ತಲೆ ಅದು. ನಮಗೆ ಪುಕ್ಕಟೆ ಸಿಕ್ಕಿತ್ತು.

ಇನ್ನು ತಾರಿಯ ವಿಷಯ ಹೇಳದಿದ್ದರೆ ಈ ಲೆಕ್ಕ ಅರ್ಧ. ತಾರಿ ಎಂದರೆ ಹೊಳೆ ದಾಟಿಸುವ ದೋಣಿ. ದಾಟಿಸುವ ಜಾಗಕ್ಕೂ ಅದೇ ಹೆಸರು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಈ ನಾಲ್ಕರ ಮೇಲೂ ತಾರಿಗಳಿದ್ದವು. 1868ರಲ್ಲಿ ಮುಂಬಯಿ ಸರಕಾರ ತಾರಿಗಳಿಗೆಂದೇ ಕಾಯ್ದೆ ತಂದಿತು. ಸರಕಾರಿ ತಾರಿಗಳನ್ನು ಹರಾಜು ಹಾಕುವುದು, ಹಿಡಿದವನು ಗೊತ್ತುಮಾಡಿದ ದರದಲ್ಲಿ ಜನರನ್ನು ದಾಟಿಸುವುದು. ಇದು ಕಾಗದದ ಮಾತು. ದಡದ ಮಾತು ಬೇರೆ. ನಾನು ಕಂಡಂತೆ ಊರ ಜನ ದಿನವೂ ಕಾಸು ಕೊಡುತ್ತಿರಲಿಲ್ಲ. ಸುಗ್ಗಿಯಲ್ಲಿ ಭತ್ತ ಅಳೆದು ಕೊಟ್ಟರೆ ವರ್ಷವಿಡೀ ಓಡಾಟ. ಮದುವೆ ದಿಬ್ಬಣ ದಾಟಿದರೆ ತೆಂಗಿನಕಾಯಿ, ವೀಳ್ಯ. ಬಸುರಿಯನ್ನು ನಡುರಾತ್ರಿ ದಾಟಿಸಿದರೆ ಏನೂ ಇಲ್ಲ, ಕೇಳಲೂಬಾರದು.

1981ರ ಜುಲೈ ತಿಂಗಳ ಒಂದು ದಿನ ನೆನಪಿದೆ. ತದಡಿಯಿಂದ ಅಘನಾಶಿನಿ ಊರಿಗೆ ದಾಟಬೇಕು. ಮಳೆಗೆ ಆಚೆ ದಡ ಅಳಿಸಿಹೋಗಿತ್ತು. ತಾರಿಯವ ಆಚೆ ದಡದಲ್ಲಿದ್ದ. ಅವನನ್ನು ಕರೆಯಲು ಫೋನಿಲ್ಲ, ಗಂಟೆಯಿಲ್ಲ, ಎರಡೂ ಕೈ ಬಾಯಿಗೆ ಹಿಡಿದು "ಓ ತಾರೀ..." ಎಂದು ಕೂಗಬೇಕು. ನನ್ನ ಕೂಗು ಮಳೆಯಲ್ಲಿ ತೊಯ್ದು ನನ್ನ ಕಾಲಬುಡದಲ್ಲೇ ಬಿತ್ತು. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಮೀನುಮಾರುವ ಹೆಂಗಸು ನನ್ನನ್ನು ಕನಿಕರದಿಂದ ನೋಡಿ, ಎದ್ದು, ಒಂದೇ ಒಂದು ಸಲ ಕೂಗಿದಳು. ತೆಳುವಾದ, ಉದ್ದನೆಯ, ಕೊನೆಯಲ್ಲಿ ಏರುವ ಕೂಗು. ಸ್ವಲ್ಪ ಹೊತ್ತಿಗೆ ಮಳೆಯೊಳಗಿಂದ ದೋಣಿಯ ಮೂತಿ ಮೂಡಿತು.

ತಾರಿಯವ ಮೊದಲು ನೋಡಿದ್ದು ನನ್ನನ್ನಲ್ಲ, ನೀರನ್ನು. "ಇಳಿತ ಶುರುವಾಯ್ತು ಟಪಾಲಿನವರೇ. ಈಗ ಹೊರಟರೆ ಅಳಿವೆಗೆ ಎಳೀತದೆ. ಒಂದು ಕವಳ ಹಾಕಿ" ಎಂದ. ಹೊಳೆಯ ನೀರು, ಇಳಿತದ ನೀರು ಎರಡೂ ಸೇರಿ ಹೊರಗೆ ಓಡುವಾಗ ನೇರ ಅಡ್ಡ ಹಾಯಿಸಿದರೆ ದೋಣಿ ಸಮುದ್ರದಲ್ಲಿರುತ್ತದೆ. ಕವಳ ಹಾಕಿಯಾಯಿತು. ಆಮೇಲೆ ದಡಕ್ಕೆ ಅಂಟಿಕೊಂಡು, ಗಳ ಊರುತ್ತ, ಹೊಳೆಯ ಮೇಲ್ಮುಖವಾಗಿ ಬಹಳ ದೂರ ಹೋದ. ಅಲ್ಲಿಂದ ಮೂತಿ ತಿರುಗಿಸಿ ಹುಟ್ಟು ಹಿಡಿದ. ನೀರು ನಮ್ಮನ್ನು ಓರೆಯಾಗಿ ಎಳೆದುಕೊಂಡು ಹೋಗಿ ಸರಿಯಾಗಿ ಆಚೆಯ ಧಕ್ಕೆಗೇ ತಂದು ನಿಲ್ಲಿಸಿತು. ನಾನು ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಕೊಡೆಯನ್ನು ಅದಕ್ಕೇ ಹಿಡಿದಿದ್ದೆ. ಮೀನಿನ ಹೆಂಗಸು ಅದನ್ನು ನೋಡಿ, "ಒಳಗೆ ಕೂಸಿದ್ಯಾ?" ಎಂದು ನಕ್ಕಳು.

ಆ ಊರಿನ ಟಪಾಲು ಮಾಸ್ತರರ ಮನೆಯಲ್ಲಿ ಆ ದಿನ ಕಗ್ಗದ ಅಕ್ಕಿಯ ಗಂಜಿ, ಬಳಚಿನ ಸಾರು. ಕಗ್ಗ ಎಂದರೆ ಉಪ್ಪುನೀರನ್ನು ತಡೆದುಕೊಳ್ಳುವ ಭತ್ತ. ಅದನ್ನು ಬೆಳೆಯುವ ಅಳಿವೆಯಂಚಿನ ಗದ್ದೆಗೆ ಗಜನಿ ಎಂದು ಹೆಸರು. ನೀರಿನಲ್ಲಿ ಮುಳುಗಿದರೂ ಕೊಳೆಯದೆ ತಲೆ ಎತ್ತುವ ಬೆಳೆ. ಅಘನಾಶಿನಿಗೆ ಘಟ್ಟದಿಂದ ಕಡಲಿನವರೆಗೆ, ಸುಮಾರು 120 ಕಿ.ಮೀ. ಉದ್ದಕ್ಕೂ ಅಣೆಕಟ್ಟಿಲ್ಲ, ಸಿಹಿನೀರು ತನ್ನ ಕಾಲಕ್ಕೆ ಇಳಿದು ಉಪ್ಪುನೀರಿಗೆ ಬೆರೆಯುತ್ತದೆ. ಬಳಚು, ಸಿಗಡಿ, ಕಗ್ಗ ಎಲ್ಲ ಆ ಬೆರಕೆಯ ಫಲ. 2024ರಲ್ಲಿ ಈ ಅಳಿವೆ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಹೊಳೆಯ ಇನ್ನೊಂದು ಮಗ್ಗುಲಿಗೆ ಸಾಣಿಕಟ್ಟೆಯ ಉಪ್ಪಿನಾಗರ. ಬೇಸಗೆಯಲ್ಲಿ ಅಲ್ಲಿ ನಿಂತರೆ ಬಿಳಿಯ ಗುಪ್ಪೆಗಳ ಸಾಲು. ಆಗರದ ಮಾಲಿಕರು 1952ರಲ್ಲಿ ಸಹಕಾರಿ ಸಂಘ ಕಟ್ಟಿಕೊಂಡರು. ಅದಕ್ಕೂ ಮುಂಚೆ, 1930ರ ಏಪ್ರಿಲ್ 13ರಂದು, ಗಂಗಾವಳಿಯಾಚೆ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ದಂಡಿಯ ಸುದ್ದಿ ಈ ಮೂಲೆಗೆ ಮುಟ್ಟಿ, ಜನ ದಂಡೆಗೆ ಇಳಿಯಲು ಹಿಡಿದದ್ದು ಒಂದೇ ವಾರ.

ಸೇತುವೆಗಳು ಒಂದೊಂದಾಗಿ ಬಂದವು. ಕಾಳಿಗೆ 1983ರಲ್ಲಿ ಕಟ್ಟಿದ್ದು 2024ರ ಆಗಸ್ಟಿನ ಒಂದು ರಾತ್ರಿ ಕುಸಿಯಿತು. ಸೇತುವೆ ಬಂದಲ್ಲಿ ತಾರಿ ಸತ್ತಿತು, ಅದರ ಜೊತೆಗೆ ತಾರಿಕಟ್ಟೆಯ ಚಹದಂಗಡಿ, ಕಾಯುವವರ ಹರಟೆ, ಆ ಕೂಗು. ಹೆದ್ದಾರಿ ಹೊಳೆಗಳನ್ನು ಒಳನಾಡಿನಲ್ಲಿ ದಾಟಿತು. ಅಳಿವೆಯ ಬಾಯಲ್ಲಿದ್ದ ಊರುಗಳು, ಹಡಗಿನವನಿಗೆ ಎಲ್ಲಕ್ಕಿಂತ ಮೊದಲು ಸಿಗುತ್ತಿದ್ದಂಥವು, ಬಸ್ಸಿನವನಿಗೆ ಎಲ್ಲಕ್ಕಿಂತ ಕೊನೆಗೆ ಸಿಗುವಂತಾದವು. ಊರು ಇದ್ದಲ್ಲೇ ಇತ್ತು, ಬಾಗಿಲು ಹಿತ್ತಿಲಾಯಿತು.

ನನ್ನ ಪ್ರಯಾಣಭತ್ಯೆಯ ಬಿಲ್ಲಿನಲ್ಲಿ ಇದು ಪ್ರತಿ ತಿಂಗಳೂ ತೊಡಕು. "ತದಡಿಯಿಂದ ಅಘನಾಶಿನಿ: ದೂರ?" ಎಂಬ ಕಾಲಮಿಗೆ ನಾನು "ಒಂದು ತಾರಿ" ಎಂದು ಬರೆಯುತ್ತಿದ್ದೆ. ಬಿಲ್ಲು ನೋಡುವ ಗುಮಾಸ್ತರು, ಪಾಪ, ಘಟ್ಟದ ಮೇಲಿನವರು, "ಒಂದು ತಾರಿ ಅಂದ್ರೆ ಎಷ್ಟು ಕಿಲೋಮೀಟರ್ರೀ?" ಎಂದು ಕೇಳುತ್ತಿದ್ದರು. ಭರತದಲ್ಲಿ ಒಂದು, ಇಳಿತದಲ್ಲಿ ಎರಡು, ಶ್ರಾವಣದ ಗಾಳಿಯಲ್ಲಿ ಒಂದು ದಿನ ಎಂದು ಹೇಳುವುದು ಹೇಗೆ? ಕೊನೆಗೆ ಇಬ್ಬರೂ ಒಪ್ಪಿ ಒಂದು ಅಂಕಿ ಹಾಕಿಕೊಂಡೆವು. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

ಇಷ್ಟೆಲ್ಲ ಕೇಳಿದ ಮೇಲೆ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಹಾಗಾದ್ರೆ ಆ ತಾರಿ ತೋರಿಸಿ" ಎಂದ. ಹಾಫ್ ಮೂನ್ ಅಲ್ಲಿಗೇ ಬಿಟ್ಟು ತದಡಿಗೆ ಬಂದೆವು. ತಾರಿ ಈಗಲೂ ಇದೆ. ಹುಟ್ಟಿನ ಬದಲು ಯಂತ್ರ, ಮೋಟಾರುಬೈಕುಗಳೂ ಹತ್ತುತ್ತವೆ. ಹತ್ತಿ ಕೂತಾಗ ಅವನ ಫೋನಿಗೆ ಸಿಗ್ನಲ್ ಬಂದಿತ್ತು. ಆಚೆ ದಡದ ಊರನ್ನು ಹುಡುಕಿದ. ನಕಾಶೆ ಗೋಕರ್ಣ, ಹೆದ್ದಾರಿ, ಕುಮಟೆ ಸುತ್ತಿಸಿ 40 ಕಿ.ಮೀ. ಆಸುಪಾಸಿನ ನೀಲಿ ಗೆರೆ ಎಳೆಯಿತು, ಒಂದು ತಾಸಿಗೂ ಮೇಲೆ ಎಂದಿತು. ಎದುರಿಗೆ ಆ ಊರಿನ ತೆಂಗಿನ ಮರಗಳು ಎಣಿಸುವಷ್ಟು ಹತ್ತಿರ.

ದೋಣಿ ಹೊರಟಿತು. ನಡುಹೊಳೆಯಲ್ಲಿ ಅವನು ಫೋನನ್ನು ನನ್ನ ಮುಂದೆ ಹಿಡಿದ. ನಮ್ಮ ಗುರುತಿನ ಚುಕ್ಕೆ ಯಾವ ರಸ್ತೆಯ ಮೇಲೂ ಇರದೆ ಬರಿಯ ನೀರಿನಲ್ಲಿ ಸರಿಯುತ್ತಿತ್ತು. ನಕಾಶೆ ಗಾಬರಿಬಿದ್ದು ಮತ್ತೆ ಮತ್ತೆ ಹೊಸ ದಾರಿ ಹುಡುಕುತ್ತಿತ್ತು. ಅದು ಹುಡುಕಿ ಮುಗಿಸುವ ಮೊದಲೇ ದೋಣಿಯ ಮೂತಿ ಧಕ್ಕೆಗೆ ತಾಗಿತು. ಯಂತ್ರ ಆರಿಸುತ್ತ ತಾರಿಯವ ನನ್ನ ಮುಖ ನೋಡಿ, "ಓ, ಟಪಾಲಿನವರಲ್ರಾ? ಲೆಕ್ಕ ಕೇಳೂಕೆ ಬಂದ್ರಾ?" ಎಂದ.

"ಇಲ್ಲ ಮಾರಾಯಾ," ಎಂದೆ, "ಈ ಸಲ ಒಪ್ಪಿಸೂಕೆ ಬಂದೆ."